ಓಪನ್ ಡೇಗೆ ಬಂದವರ ಕೈಗೆ ಮೊದಲು ದಾಳ ಕೊಡಿ

ಮಿನಿಯೇಚರ್ ವಾರ್‌ಗೇಮಿಂಗ್ ಕ್ಲಬ್‌ಗಳು ಆಗಾಗ ಬಾಗಿಲು ತೆರೆದಿಟ್ಟು ‘ಯಾರು ಬೇಕಾದರೂ ಬನ್ನಿ, ನೋಡಿ’ ಅಂತ ಕರೆಯುತ್ತವಲ್ಲ, ಆ ಓಪನ್ ಡೇ ಬಗ್ಗೆ ತುಂಬ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ನನ್ನ ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಒಳಗೆ ಕಾಲಿಟ್ಟವರ ಕೈಗೆ ಐದು ನಿಮಿಷದೊಳಗೆ ದಾಳ ಸಿಗದಿದ್ದರೆ ಅದು ಕ್ಲಬ್ಬಿನವರು ತಮಗಾಗಿ ಮಾಡಿಕೊಂಡ ಹಬ್ಬ. ಬಂದವರಿಗಾಗಿ ಮಾಡಿದ್ದಲ್ಲ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು ಸೈನಿಕರ ಪುಟ್ಟ ಬೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಆಡುವ ಯುದ್ಧದ ಆಟ. ತುಂಬ ಜನ ಬಳಸುವ ಅಳತೆ 28 ಮಿಲಿಮೀಟರ್, ಅಂದರೆ ಹೆಬ್ಬೆರಳಿಗಿಂತ ಗಿಡ್ಡ. 15, 10, 6 ಮಿಲಿಮೀಟರಿನವೂ ಇವೆ. ಚದುರಂಗದ ಹಾಗೆ ಮನೆಗಳಿರುವುದಿಲ್ಲ, ಟೇಪು ಹಿಡಿದು ಅಳೆದು ನಡೆಸಬೇಕು. ಗುಡ್ಡ ಅಡ್ಡ ಬಂದರೆ ಹಿಂದಿರುವ ತುಕಡಿ ಕಾಣಿಸುವುದಿಲ್ಲ, ಕಾಡಿಗೆ ನುಗ್ಗಿದರೆ ನಡಿಗೆ ನಿಧಾನವಾಗುತ್ತದೆ, ಹಾರಿಸಿದ ಗುಂಡು ತಾಗಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ರೋಮನ್ನರಿಂದ ಹಿಡಿದು ಎರಡನೇ ಮಹಾಯುದ್ಧದವರೆಗೆ ಇತಿಹಾಸದ ಯುದ್ಧಗಳನ್ನು ಆಡುವವರಿದ್ದಾರೆ. 1983ರಲ್ಲಿ ಬಂದ ವಾರ್‌ಹ್ಯಾಮರ್, 1987ರಲ್ಲಿ ಬಂದ ವಾರ್‌ಹ್ಯಾಮರ್ 40,000 ತರಹದ ಕಲ್ಪನೆಯ ಲೋಕಗಳ ಆಟ ಆಡುವವರೂ ಇದ್ದಾರೆ. ಎರಡನ್ನೂ ಆಡುವವರೂ ಉಂಟು.

ಈಗ ಓಪನ್ ಡೇಯಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ನಟ್ಟನಡುವೆ ಒಂದು ದೊಡ್ಡ ಮೇಜು. ವಾಟರ್‌ಲೂ ಯುದ್ಧವೋ ಇನ್ನೊಂದೋ, ನೂರಾರು ಬೊಂಬೆಗಳು, ಎಲೆ ಎಲೆಯಾಗಿ ಮಾಡಿದ ಮರಗಳು, ಹಂಚು ಹಂಚಾಗಿ ಬಣ್ಣ ಹಚ್ಚಿದ ಮನೆಗಳು. ಎಷ್ಟೋ ರಾತ್ರಿಗಳ ಕೆಲಸ ಅದು, ಅದರ ಬಗ್ಗೆ ನನಗೆ ನಿಜವಾದ ಗೌರವ ಇದೆ. ಆದರೆ ನಾಲ್ಕು ಜನ ಸದಸ್ಯರು ಮೇಜಿನ ಮೇಲೆ ಬಾಗಿ ನಿಯಮದ ಪುಸ್ತಕದ ಯಾವುದೋ ಪುಟದ ಬಗ್ಗೆ ವಾದ ಮಾಡುತ್ತಿರುತ್ತಾರೆ, ಬಂದವರಿಗೆ ಕಾಣಿಸುವುದು ಅವರ ಬೆನ್ನು ಮಾತ್ರ. ಜೊತೆಗೆ ಬಂದ ಮಗು ಕೈ ಚಾಚುತ್ತದೆ, ‘ಮುಟ್ಟಬೇಡ ಪುಟ್ಟಾ’ ಅನ್ನುವ ಮಾತು ಬರುತ್ತದೆ. ಎರಡು ಫೋಟೊ ತೆಗೆದುಕೊಂಡು, ‘ಚೆನ್ನಾಗಿದೆ’ ಅಂತ ಹೇಳಿ ಆ ಕುಟುಂಬ ಹೊರಟುಹೋಗುತ್ತದೆ. ಅವರು ಮತ್ತೆ ಬರುವುದಿಲ್ಲ. ಯಾಕೆ ಬರಬೇಕು ಹೇಳಿ? ನೋಡಬೇಕಾದದ್ದನ್ನು ನೋಡಿ ಆಯಿತಲ್ಲ.

ದೊಡ್ಡ ಮೇಜು ಬೇಡ ಅಂತ ನಾನು ಹೇಳುತ್ತಿಲ್ಲ. ಜನರನ್ನು ಒಳಗೆ ಎಳೆಯುವುದು ಅದೇ. ಬಾಗಿಲ ಹತ್ತಿರ ಇಡಿ, ಜನ ನಿಲ್ಲುವ ಕಡೆಯೇ ಒಬ್ಬ ಸದಸ್ಯ ನಿಂತು ಮಾತಾಡಿಸಲಿ. ಅಲ್ಲಿಂದ ಎರಡು ಹೆಜ್ಜೆ ಆಚೆ ಆಡುವ ಮೇಜು ಖಾಲಿ ಕುರ್ಚಿಯ ಜೊತೆ ಕಾಯುತ್ತಿರಬೇಕು, ಅಷ್ಟೇ.

‘ನಿಯಮ ಅಷ್ಟೊಂದು ಇದೆಯಲ್ಲ, ಹೊಸಬರಿಗೆ ಐದು ನಿಮಿಷದಲ್ಲಿ ಹೇಗೆ ಹೇಳಿಕೊಡುವುದು’ ಅಂತ ಕೇಳುತ್ತಾರೆ. ಹೇಳಿಕೊಡಲೇಬೇಡಿ! ಈ ಆಟದ ಬೇರಿನಲ್ಲೇ ಇದಕ್ಕೆ ಉತ್ತರ ಇದೆ. 1824ರಲ್ಲಿ ಪ್ರಷ್ಯಾ ಅನ್ನುವ ಜರ್ಮನ್ ರಾಜ್ಯದ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ರೈಸ್ವಿಟ್ಸ್, ತನ್ನ ಅಪ್ಪ ಶುರು ಮಾಡಿದ್ದ ಆಟವನ್ನು ತಿದ್ದಿ ತೀಡಿ ಕ್ರೀಗ್ಸ್‌ಷ್ಪೀಲ್ ಅನ್ನುವ ಯುದ್ಧದ ಆಟವನ್ನು ಮುಂದಿಟ್ಟ. ಅದರಲ್ಲಿ ನಕ್ಷೆಯ ಮೇಲೆ ಪುಟ್ಟ ತುಂಡುಗಳು ತುಕಡಿಗಳಾಗಿ ಓಡಾಡುತ್ತಿದ್ದವು. ಎರಡು ಪಕ್ಷದವರು ತಮ್ಮ ಆಜ್ಞೆಯನ್ನು ತೀರ್ಪುಗಾರನಿಗೆ ಕೊಡುತ್ತಿದ್ದರು. ತುಂಡುಗಳನ್ನು ನಡೆಸುವುದು, ದಾಳ ನೋಡುವುದು, ಪಟ್ಟಿಯಲ್ಲಿ ನಷ್ಟ ಎಷ್ಟು ಅಂತ ಹುಡುಕುವುದು ಎಲ್ಲ ಆ ತೀರ್ಪುಗಾರನ ಕೆಲಸ. ಅಂದರೆ ಆಡುವವನಿಗೆ ನಿಯಮ ಗೊತ್ತಿರಲೇಬೇಕು ಅಂತ ಇರಲಿಲ್ಲ, ಏನು ಮಾಡಬೇಕು ಅನ್ನುವ ಯೋಚನೆ ಇದ್ದರೆ ಸಾಕಿತ್ತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಅನ್ನುವ ಇನ್ನೊಬ್ಬ ಅಧಿಕಾರಿ ಇನ್ನೂ ಮುಂದೆ ಹೋಗಿ, ಪಟ್ಟಿಗಳನ್ನೂ ಪಕ್ಕಕ್ಕಿಟ್ಟು ತೀರ್ಪುಗಾರನ ಅನುಭವದ ಮೇಲೇ ಆಟ ನಡೆಯಲಿ ಅಂದ.

ಓಪನ್ ಡೇಯಲ್ಲಿ ನಮಗೆ ಬೇಕಾಗಿರುವುದು ಈ ತೀರ್ಪುಗಾರ. ಬಂದವರು ‘ಇವರನ್ನು ಆ ಗುಡ್ಡದ ಹಿಂದಿನಿಂದ ಕರೆದುಕೊಂಡು ಹೋಗಿ ಪಕ್ಕದಿಂದ ಶತ್ರುವಿನ ಮೇಲೆ ನುಗ್ಗಿಸಬೇಕು’ ಅನ್ನಲಿ. ‘ಆಗಬಹುದು, ಆದರೆ ಒಂದು ಸಲಕ್ಕೆ ಆರು ಇಂಚು ಮಾತ್ರ, ಟೇಪು ತಗೊಳ್ಳಿ, ನೀವೇ ಅಳೆಯಿರಿ’ ಅನ್ನಿ. ಗುಂಡು ಹಾರಿಸುವ ಹೊತ್ತು ಬಂದಾಗ ‘ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ತಾಗಿತು’ ಅನ್ನಿ. ಮುಗಿಯಿತು. ಎರಡು ಸರದಿ ಆಗುವಷ್ಟರಲ್ಲಿ ‘ನಾವು ಗೋಡೆಯ ಹಿಂದೆ ನಿಂತರೆ ತಾಗುವುದು ಕಷ್ಟ ಆಗಬೇಕು ಅಲ್ವಾ’ ಅಂತ ಅವರೇ ಕೇಳುತ್ತಾರೆ. ನಿಯಮವನ್ನು ಹೇಳಬೇಕಾದ ಸಮಯ ಅದು, ಅವರಾಗಿಯೇ ಕೇಳಿದಾಗ.

ಇನ್ನೊಂದು ಮಾತು, ಇದರಲ್ಲಿ ನಾನು ತುಂಬ ಹಟಮಾರಿ. ಮೇಜು ನಡೆಸುವವರು ಆಡಬಾರದು. ಆಡಿದರೆ ಗೊತ್ತಿಲ್ಲದಂತೆಯೇ ಗೆಲ್ಲುವ ಯೋಚನೆ ಬಂದುಬಿಡುತ್ತದೆ, ಇಲ್ಲವೇ ಬೇಕೆಂದೇ ಸೋತು ಹೊಸಬರಿಗೆ ಅದು ಗೊತ್ತಾಗುವ ಹಾಗೆ ಮಾಡುತ್ತಾರೆ. ಅಕ್ಕ-ತಮ್ಮ, ಅಪ್ಪ-ಮಗಳು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಇಬ್ಬರು, ಯಾರಾದರೂ ಸರಿ, ಬಂದವರೇ ಎದುರುಬದುರು ಕೂರಲಿ. ನಡುವೆ ನಮ್ಮವರು ನಿಂತಿರಲಿ.

ಆಟವೂ ಚಿಕ್ಕದಿರಬೇಕು. 1990ರಲ್ಲಿ ಬಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಅನ್ನುವ ಪ್ರಾಚೀನ ಯುದ್ಧಗಳ ನಿಯಮಗಳನ್ನೇ ತೆಗೆದುಕೊಳ್ಳಿ. ಒಂದು ಪಕ್ಷಕ್ಕೆ 12 ತುಕಡಿ, 15 ಮಿಲಿಮೀಟರ್ ಬೊಂಬೆಗಳಾದರೆ ಎರಡಡಿ ಚೌಕದ ಹಲಗೆ ಸಾಕು, ಒಂದು ಗಂಟೆಯೊಳಗೆ ಆಟ ಮುಗಿಯುತ್ತದೆ. ಅದರಲ್ಲಿ ನನಗೆ ಇಷ್ಟವಾದದ್ದು ಪ್ರತಿ ಸರದಿಯ ಶುರುವಿನಲ್ಲಿ ಹಾಕುವ ಒಂದೇ ಒಂದು ದಾಳ. ಅದರಲ್ಲಿ ಬಿದ್ದಷ್ಟು ಆಜ್ಞೆ ಮಾತ್ರ ನಿಮ್ಮದು. ಒಂದು ಬಿದ್ದರೆ ಎಲ್ಲ ಕಡೆ ಬೆಂಕಿ ಬಿದ್ದಿದ್ದರೂ ಒಂದೇ ಗುಂಪನ್ನು ಅಲುಗಿಸಬಹುದು. ಸೇನಾಪತಿ ಬಯಸಿದ್ದೆಲ್ಲ ರಣರಂಗದಲ್ಲಿ ನಡೆಯುವುದಿಲ್ಲ ಅನ್ನುವುದು ಹೊಸಬರಿಗೆ ಹತ್ತು ನಿಮಿಷದಲ್ಲಿ ಮೈಗೆ ತಾಗುತ್ತದೆ, ಯಾವ ಭಾಷಣವೂ ಬೇಕಾಗುವುದಿಲ್ಲ.

ಕಾಯಿಸುವುದೂ ಬೇಡ. ಒಬ್ಬರ ಇಡೀ ಸೈನ್ಯ ನಡೆದು ಮುಗಿಯುವ ತನಕ ಇನ್ನೊಬ್ಬರು ಸುಮ್ನೆ ಕೂರುವ ಆಟಗಳಲ್ಲಿ ಹೊಸಬರ ಕೈ ಮೊಬೈಲಿಗೆ ಹೋಗುತ್ತದೆ. 2012ರಲ್ಲಿ ಬಂದ ‘ಬೋಲ್ಟ್ ಆಕ್ಷನ್’ ಅನ್ನುವ ಎರಡನೇ ಮಹಾಯುದ್ಧದ ಆಟ ಇದಕ್ಕೆ ಒಳ್ಳೆಯ ದಾರಿ ಹುಡುಕಿದೆ. ಒಂದೊಂದು ಪಕ್ಷಕ್ಕೆ ಒಂದೊಂದು ಬಣ್ಣದ ದಾಳಗಳು, ಅವನ್ನೆಲ್ಲ ಒಂದೇ ಚೀಲದಲ್ಲಿ ಹಾಕಿ ಒಂದೊಂದಾಗಿ ತೆಗೆಯುತ್ತಾರೆ, ಯಾರ ಬಣ್ಣ ಬಂತೋ ಅವರು ಒಂದು ತುಕಡಿಗೆ ಆಜ್ಞೆ ಕೊಡಬೇಕು. ಮುಂದೆ ಯಾರ ಸರದಿ ಅಂತ ಯಾರಿಗೂ ಗೊತ್ತಿಲ್ಲ. ಆ ಚೀಲವನ್ನು ಮಕ್ಕಳ ಕೈಗೆ ಕೊಟ್ಟು ನೋಡಿ, ಇಡೀ ಮೇಜು ಎಚ್ಚರವಾಗಿರುತ್ತದೆ.

ಬೊಂಬೆಗೆ ಬಣ್ಣ ಹಚ್ಚುವ ಮೇಜಿನ ಬಗ್ಗೆಯೂ ಹೇಳಲೇಬೇಕು. ಯುದ್ಧ, ದಾಳ, ನಿಯಮ ಯಾವುದೂ ಬೇಡ ಅನ್ನುವ ಎಷ್ಟೋ ಜನ ಈ ಮೇಜಿನಿಂದಲೇ ಹವ್ಯಾಸದ ಒಳಗೆ ಬರುತ್ತಾರೆ, ಆದರೂ ನಮ್ಮವರು ಇದನ್ನು ಮೂಲೆಗೆ ತಳ್ಳುತ್ತಾರೆ. ಮೊದಲೇ ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಬೇಕಾದ ತಳದ ಲೇಪ, ಹೊಡೆದು ಒಣಗಿಸಿದ ಬೊಂಬೆ ಕೊಡಿ, ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಕೊಡಿ. ಅಂಗಿಗೊಂದು, ಪ್ಯಾಂಟಿಗೊಂದು, ಮುಖಕ್ಕೊಂದು ಬಣ್ಣ. ಅದರ ಮೇಲೆ ಕಂದು ವಾಶ್, ಅಂದರೆ ನೀರು ನೀರಾದ ತೆಳು ಬಣ್ಣ, ಹರಿಸಿದರೆ ಬಟ್ಟೆಯ ಮಡಿಕೆಗಳಲ್ಲಿ ನೆರಳು ತಾನಾಗಿ ಕೂರುತ್ತದೆ. ಆಮೇಲೆ ಬ್ರಶ್ಶಿನಲ್ಲಿರುವ ಬಣ್ಣವನ್ನೆಲ್ಲ ಹೆಚ್ಚುಕಡಿಮೆ ಒರೆಸಿ ಉಬ್ಬಿದ ಜಾಗದ ಮೇಲೆ ಹಗುರವಾಗಿ ಆಡಿಸಿದರೆ ಅಂಚುಗಳು ಬೆಳಗುತ್ತವೆ, ಡ್ರೈಬ್ರಶ್ ಅಂದರೆ ಇದೇ. ‘ನಂಗೆ ಡ್ರಾಯಿಂಗೇ ಬರಲ್ಲ’ ಅಂದವರು ತಮ್ಮ ಬೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ನಾನು ನೋಡಿದ್ದೇನೆ. ಆ ಬೊಂಬೆ ಅವರ ಜೊತೆ ಮನೆಗೆ ಹೋಗಬೇಕು, ವಾಪಸ್ ಕೇಳಬೇಡಿ. ಒಂದು ಎಚ್ಚರಿಕೆ: ಹಳೆಯ ಲೋಹದ ಬೊಂಬೆಗಳಲ್ಲಿ ಸೀಸ ಇರುತ್ತದೆ, ಅವನ್ನು ಮಕ್ಕಳ ಮುಂದೆ ಇಡಬೇಡಿ. ಸೂಪರ್ ಗ್ಲೂ ಕೂಡ ದೊಡ್ಡವರ ಕೈಯಲ್ಲೇ ಇರಲಿ.

ಪ್ರತಿ ಸಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ, ಯುದ್ಧವನ್ನು ಆಟ ಮಾಡಿಕೊಳ್ಳುವುದು ಸರಿಯಾ ಅಂತ. ದಯವಿಟ್ಟು ‘ಅಯ್ಯೋ, ಬರೀ ಬೊಂಬೆ ಸಾರ್’ ಅಂತ ನಕ್ಕು ಕಳಿಸಬೇಡಿ. ಅದು ಒಳ್ಳೆಯ ಪ್ರಶ್ನೆ, ಒಳ್ಳೆಯ ಉತ್ತರ ಸಿಗಬೇಕು. ಮನೆಯೊಳಗೆ ಆಟಿಕೆ ಸೈನಿಕರನ್ನು ನಿಲ್ಲಿಸಿ, ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಉರುಳಿಸುವ ಆಟಕ್ಕೆ 1913ರಲ್ಲಿ ನಿಯಮ ಬರೆದು ಪ್ರಕಟಿಸಿದ ಲೇಖಕ ಎಚ್. ಜಿ. ವೆಲ್ಸ್, ಅದೇ ಬರಹದ ಕೊನೆಯಲ್ಲಿ ನಿಜವಾದ ಯುದ್ಧ ಎಷ್ಟು ದೊಡ್ಡ ಎಡವಟ್ಟು ಅನ್ನುವುದು ಈ ಚಿಕ್ಕ ಯುದ್ಧಗಳನ್ನು ಆಡಿದರೆ ಗೊತ್ತಾಗುತ್ತದೆ ಅಂತ ವಾದ ಮಾಡಿದ. ಮರುವರ್ಷವೇ ಮೊದಲನೇ ಮಹಾಯುದ್ಧ ಶುರುವಾಯಿತು. ನನ್ನ ನಂಬಿಕೆಯೂ ಅದೇ ಕಡೆಗಿದೆ, ಆದರೆ ಅದು ತಾನಾಗಿಯೇ ಆಗಿಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಎರಡನೇ ಮಹಾಯುದ್ಧದ ಮೇಜಿನ ಮೇಲೆ ನಾಜಿ ಸೈನ್ಯ ಇಟ್ಟರೆ ಅವರು ಯಾರು, ಏನು ಮಾಡಿದರು ಅನ್ನುವುದನ್ನು ಹತ್ತು ವರ್ಷದ ಹುಡುಗನಿಗೂ ಹೇಳುವ ಧೈರ್ಯ ಇರಬೇಕು. ‘ಯೂನಿಫಾರ್ಮ್ ಚೆನ್ನಾಗಿದೆ’ ಅನ್ನುವ ಮಾತಿನಲ್ಲೇ ನಿಲ್ಲುವ ಮೇಜು ಓಪನ್ ಡೇಗೆ ಬೇಡ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಕೊನೆಯದಾಗಿ ದುಡ್ಡಿನ ವಿಷಯ. ಇಷ್ಟಪಟ್ಟವರಿಗೆ ಮೊದಲ ದಿನವೇ ದೊಡ್ಡ ಡಬ್ಬಿಗಳ ಪಟ್ಟಿ ಕೊಟ್ಟು ಹೆದರಿಸಬೇಡಿ. ಕ್ಲಬ್ಬಿನ ಕಪಾಟಿನಲ್ಲಿ ಬಣ್ಣ ಹಚ್ಚಿದ ಎರಡು ಸೈನ್ಯಗಳನ್ನು ಹೊಸಬರಿಗೇ ಅಂತ ತೆಗೆದಿಡಿ, ‘ಮೊದಲ ಕೆಲವು ತಿಂಗಳು ಇದರಲ್ಲೇ ಆಡಿ, ಆಮೇಲೆ ಯಾವುದು ಬೇಕು ಅಂತ ನಿಮಗೇ ಗೊತ್ತಾಗುತ್ತದೆ’ ಅನ್ನಿ. ಎರಡು ಸೈನ್ಯ ಒಟ್ಟಿಗೆ ಬರುವ ಡಬ್ಬಿಯನ್ನು ಇಬ್ಬರು ಸೇರಿ ಕೊಂಡು ಹಂಚಿಕೊಳ್ಳಬಹುದು ಅನ್ನುವುದನ್ನೂ ಹೇಳಿ. ಹೊರಡುವವರ ಕೈಗೆ ಮುಂದಿನ ಆಟದ ದಿನ, ಸಮಯ, ಅವತ್ತು ಅವರ ಮೇಜು ನಡೆಸಿದವರ ಹೆಸರು ಬರೆದ ಒಂದು ಚೀಟಿ ಕೊಡಿ. ಅವತ್ತು ಆ ಸದಸ್ಯ ಸ್ವಲ್ಪ ಬೇಗ ಬಂದು, ಸಾಲದ ಸೈನ್ಯವನ್ನು ಮೇಜಿನ ಮೇಲೆ ಜೋಡಿಸಿಟ್ಟುಕೊಂಡಿರಲಿ.