ಆರು ವರ್ಷ ಅಂದ್ರೆ ಆರೇ ವರ್ಷ, ಆರು ತಿಂಗಳು ಅಂದ್ರೆ ನೋಡೋಣ

ಪಿಎಚ್‌ಡಿ ಹುಡುಗರು ಸೋಮಾರಿಗಳು, ಗಡುವಿಲ್ಲದಿದ್ದರೆ ಹಾಸ್ಟೆಲ್‌ನಲ್ಲೇ ಮುದುಕರಾಗುತ್ತಾರೆ ಎಂಬುದು ಬಲ್ಲವರ ಅಂಬೋಣ. ಅದಕ್ಕೇ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಕೋರ್ಸ್‌ವರ್ಕ್ ಸೇರಿ ಆರು ವರ್ಷ ಕೊಟ್ಟಿದೆ, ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ಪಿನ ಹಣ ಮಾತ್ರ ಐದೇ ವರ್ಷಕ್ಕೆ ನಿಲ್ಲುತ್ತದೆ. ಆರನೆಯ ವರ್ಷ ಖಾಲಿ ಹೊಟ್ಟೆಗೆ ಜ್ಞಾನ ಚೆನ್ನಾಗಿ ಹತ್ತುತ್ತದೆ ಎಂದಿರಬೇಕು.

ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲಿನ ಮೂರು ವರ್ಷ 42,000 ರೂಪಾಯಿ. ಅದೂ ಸುಮ್ಮನೆ ಬರುವುದಿಲ್ಲ. ಈತ ಇನ್ನೂ ಇದ್ದಾನೆ, ಸಂಶೋಧನೆಯನ್ನೇ ಮಾಡುತ್ತಿದ್ದಾನೆ ಎಂದು ವಿಶ್ವವಿದ್ಯಾಲಯ ತಿಂಗಳು ತಿಂಗಳೂ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಮೇಕರ್ ಎಂಬ ಸಿಬ್ಬಂದಿ ನಮೂದಿಸಿದ್ದನ್ನು ಚೆಕರ್ ಎಂಬ ಇನ್ನೊಬ್ಬರು ಒಪ್ಪಬೇಕು. ಮೇಕರ್ ಬಂದ ದಿನ ಚೆಕರ್ ರಜೆ. ಚೆಕರ್ ಬಂದ ದಿನ ಮೇಕರ್‌ಗೆ ಚುನಾವಣಾ ತರಬೇತಿ. ಇಬ್ಬರೂ ಕೂತ ದಿನ ಓಟಿಪಿ ಹೋಗಿದ್ದು, ಹಿಂದಿನ ವರ್ಷ ನಿವೃತ್ತರಾದವರ ಮೊಬೈಲಿಗೆ.

ಗೈಡ್ ಅಧ್ಯಾಯ ಓದುವುದಿಲ್ಲ ಎನ್ನುವುದು ಅಪಪ್ರಚಾರ. "ಇಟ್ಟು ಹೋಗಪ್ಪಾ, ನೋಡ್ತೀನಿ" ಎಂದೇ ಅನ್ನುತ್ತಾರೆ. ದಸರೆಗೆ ಕೊಟ್ಟ ಮೂರನೆಯ ಅಧ್ಯಾಯ ಯುಗಾದಿ ಹೊತ್ತಿಗೆ ಅವರ ಕಾರಿನ ಹಿಂದಿನ ಸೀಟಿನಲ್ಲಿ ಸಿಕ್ಕಿತು, ಮೇಷ್ಟ್ರ ಮಗಳನ್ನು ಟ್ಯೂಷನ್‌ಗೆ ಬಿಡಲು ಹೋದಾಗ. ತಿದ್ದಿದ್ದು ಒಂದೇ ಕಡೆ. ಶೀರ್ಷಿಕೆಯ ಕೊನೆಗಿದ್ದ 'ಒಂದು ಅಧ್ಯಯನ' ಈಗ 'ಒಂದು ವಿಶ್ಲೇಷಣಾತ್ಮಕ ಅಧ್ಯಯನ'. ಶೀರ್ಷಿಕೆ ಬದಲಾಯಿತಲ್ಲ, ಡಾಕ್ಟರಲ್ ಸಮಿತಿ ಮತ್ತೆ ಸೇರಬೇಕು. ಶುಲ್ಕ ಬೇರೆ.

ಇಷ್ಟಾದ ಮೇಲೆ ಗ್ರಂಥಾಲಯ, ಹಾಸ್ಟೆಲ್, ಕ್ರೀಡಾ ವಿಭಾಗಗಳಿಂದ 'ಬಾಕಿ ಇಲ್ಲ' ಎಂದು ಬರೆಸಿಕೊಂಡು (ಕ್ರೀಡಾ ವಿಭಾಗ ಎಲ್ಲಿದೆ ಎಂದು ಗೊತ್ತಾಗುವುದೇ ಆಗ) ಮಹಾಪ್ರಬಂಧ ಸಲ್ಲಿಸಿದರೆ, ಆರು ತಿಂಗಳೊಳಗೆ ಮೌಲ್ಯಮಾಪನ, ವೈವಾ, ಫಲಿತಾಂಶ ಎಲ್ಲ ಮುಗಿಯಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಹೇಳಲಿ, ಪಾಪ. ಪರೀಕ್ಷಕರ ಪಟ್ಟಿಗೆ ಕುಲಪತಿಗಳು ಟಿಕ್ ಹಾಕಬೇಕು, ಅವರ ಅವಧಿ ಮುಗಿದಿದೆ. ಪ್ರಭಾರದಲ್ಲಿರುವವರು 'ನೀತಿ ನಿರ್ಧಾರ' ತೆಗೆದುಕೊಳ್ಳುವಂತಿಲ್ಲ. ಟಿಕ್ ಹಾಕುವುದು ನೀತಿ ನಿರ್ಧಾರವೋ ಅಲ್ಲವೋ ಎಂದು ಕಾನೂನು ಕೋಶದ ಅಭಿಪ್ರಾಯ ಕೇಳಿ ಕಡತ ಹೋಗಿದೆ.

ವಿದ್ಯಾರ್ಥಿ ತಡ ಮಾಡಿದರೆ ದಂಡಶುಲ್ಕಕ್ಕೆ ಚಲನ್ ಉಂಟು. ಕಚೇರಿಯೇ ವರ್ಷ ತಡ ಮಾಡಿದರೆ ಕಟ್ಟುವ ಚಲನ್ ಯಾವ ಕೌಂಟರಿನಲ್ಲಿ ಸಿಗುತ್ತದೆ ಎಂದು ಒಬ್ಬ ಕುಲಸಚಿವರ (ಮೌಲ್ಯಮಾಪನ) ಕಚೇರಿಯಲ್ಲಿ ಕೇಳಿದನಂತೆ. ಗುಮಾಸ್ತರು ತಲೆ ಎತ್ತದೆ ಹೇಳಿದರು: "ಅರ್ಜಿ ಬರೆದು ಥ್ರೂ ಪ್ರಾಪರ್ ಚಾನಲ್ ಬನ್ನಿ. ಊಟದ ಮೇಲೆ."