ರಾಜನ ನಿರೂಪ ನಡೆಯದ ಸೀಮೆ

ಪ್ರಶ್ನೆ: ವೇಲ್ಸ್ ಗಡಿಯ ಒಡೆಯರಿಗೆ ಅರಸನಷ್ಟೇ ಅಧಿಕಾರ ಕೊಟ್ಟು, ಅದನ್ನು ಮಕ್ಕಳು ಮೊಮ್ಮಕ್ಕಳಿಗೆ ಇಳಿಯಲು ಬಿಟ್ಟದ್ದು ಸರಿಯೇ?

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಪಶ್ಚಿಮಕ್ಕೆ ಗುಡ್ಡಗಾಡಿನ ವೇಲ್ಸ್ ಇತ್ತು. ಅಲ್ಲಿ ಒಬ್ಬ ರಾಜ ಇರಲಿಲ್ಲ, ಹಲವು ಅರಸುಮನೆಗಳಿದ್ದವು. ವಿಲಿಯಂ ತನ್ನ ನಂಬಿಕೆಯ ಮೂವರನ್ನು ಹೆರೆಫರ್ಡ್, ಶ್ರೂಸ್‌ಬರಿ, ಚೆಸ್ಟರ್‌ಗಳಲ್ಲಿ ಕೂರಿಸಿದ. ಅವರೂ ಅವರ ಹಿಂದೆ ಬಂದವರೂ ಮುಂದಕ್ಕೆ ನುಗ್ಗಿ ಗೆದ್ದುಕೊಂಡ ನೆಲಕ್ಕೆ 'ಮಾರ್ಚ್' ಎಂಬ ಹೆಸರು ಬಂತು. ಗಡಿನಾಡು ಎಂದೇ ಅದರ ಅರ್ಥ. ಬ್ರೆಕನ್, ಗ್ಲಮೋರ್ಗನ್, ಗವರ್, ಪೆಂಬ್ರೋಕ್, ರಾಡ್ನರ್ ಹೀಗೆ ಹತ್ತಾರು ಸೀಮೆಗಳು. ಪ್ರತಿ ಸೀಮೆಯಲ್ಲೂ ಒಡೆಯನದೇ ಕೋರ್ಟು, ಒಡೆಯನದೇ ನೇಣುಗಂಬ. ಕೋಟೆ ಕಟ್ಟಲಿಕ್ಕೆ ರಾಜನ ಅಪ್ಪಣೆ ಬೇಡ, ಯುದ್ಧ ಹೂಡಲಿಕ್ಕೂ ಬೇಡ. ಇಂಗ್ಲೆಂಡಿನ ಬಹುಪಾಲು ಊರುಗಳಲ್ಲಿ ನಡೆಯುತ್ತಿದ್ದ ರಾಜನ ನಿರೂಪ, ಅಂದರೆ ಅವನ ಲಿಖಿತ ಅಪ್ಪಣೆ, ಇಲ್ಲಿ ನಡೆಯುತ್ತಿರಲಿಲ್ಲ. 1536ರವರೆಗೂ ಹೀಗೇ ಇತ್ತು.

ಪರ: ದೂರದ ರಾಜನಿಗೆ ಗಡಿ ಕಾಣುವುದಿಲ್ಲ

ಮೊದಲಿಗೆ ಪ್ರಶ್ನೆಯಲ್ಲಿರುವ 'ಕೊಟ್ಟು' ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಈ ಅಧಿಕಾರವನ್ನು ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ. 1093ರಲ್ಲಿ ದಕ್ಷಿಣ ವೇಲ್ಸ್‌ನ ಅರಸ ರೀಸ್ ಆಪ್ ಟ್ಯೂಡರ್ ಬ್ರೆಕನ್ ಹತ್ತಿರ ಹತನಾದ. ಆ ನೆಲ ಬರ್ನಾರ್ಡ್ ಎಂಬ ನಾರ್ಮನ್ ದಂಡನಾಯಕನ ಕೈಸೇರಿತು. ತೆರಿಗೆ ಎತ್ತುವುದು, ತೀರ್ಪು ಕೊಡುವುದು, ದಂಡು ಕೂಡಿಸುವುದು, ಎಲ್ಲವನ್ನೂ ಅಲ್ಲಿ ಹಿಂದಿದ್ದ ಅರಸರೇ ಮಾಡುತ್ತಿದ್ದರು. ಅವರ ಜಾಗಕ್ಕೆ ಬಂದವನೂ ಅದನ್ನೇ ಮಾಡಿದ. ನಮ್ಮ ಕತ್ತಿಯಿಂದ ಗೆದ್ದ ನೆಲ ಎಂದು ಗಡಿ ಒಡೆಯರು ಮುಂದೆ ಎಷ್ಟೋ ತಲೆಮಾರು ಹೇಳಿಕೊಂಡು ಬಂದರು. ಆ ಮಾತಿನಲ್ಲಿ ಹೆಮ್ಮೆ ಜಾಸ್ತಿ ಇದೆ, ನಿಜ. ಆದರೆ ಸುಳ್ಳಿಲ್ಲ.

ರಾಜನೇ ಖುದ್ದಾಗಿ ಗಡಿ ನೋಡಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿಗೆ 1165ನೇ ಇಸವಿಯನ್ನು ನೆನಪಿಸುತ್ತೇನೆ. ಎರಡನೇ ಹೆನ್ರಿ ದೊಡ್ಡ ಸೇನೆ ಕಟ್ಟಿಕೊಂಡು ವೇಲ್ಸ್‌ಗೆ ಹೊರಟ. ಬರ್ವಿನ್ ಬೆಟ್ಟದ ಮೇಲೆ ಮಳೆ ಹಿಡಿಯಿತು. ದಾರಿ ಕೆಸರಾಯಿತು, ಊಟದ ಸಾಮಾನು ಮುಗಿಯಿತು. ಸೇನೆ ಬಂದ ದಾರಿಗೆ ಸುಂಕವಿಲ್ಲ ಎನ್ನುವಂತೆ ವಾಪಸಾಯಿತು. ಆಮೇಲೆ ಹೆನ್ರಿ ತನ್ನ ಬಳಿ ಒತ್ತೆಯಿದ್ದ ವೆಲ್ಷ್ (ವೇಲ್ಸ್‌ನ) ಹುಡುಗರ ಕಣ್ಣು ಕೀಳಿಸಿದ. ವರ್ಷಕ್ಕೋ ಹತ್ತು ವರ್ಷಕ್ಕೋ ಒಮ್ಮೆ ಬಂದುಹೋಗುವ ರಾಜ ಗಡಿಯಲ್ಲಿ ಮಾಡಬಹುದಾದದ್ದು ಇಷ್ಟೇ. ಒಡೆಯ ಹಾಗಲ್ಲ. ಅವನ ಹೆಂಡತಿ ಮಕ್ಕಳು ಅದೇ ಕೋಟೆಯಲ್ಲಿದ್ದರು. ಪಕ್ಕದ ಕಣಿವೆಯವರ ಜೊತೆ ಅವನು ನಾಳೆಯೂ ಬದುಕಬೇಕಿತ್ತು. ಹಾಗಾಗಿ ಎರಡು ಸೀಮೆಗಳ ಗಡಿಯಲ್ಲಿ ಎರಡೂ ಕಡೆಯವರು ಗೊತ್ತಾದ ದಿನ ಸೇರುತ್ತಿದ್ದರು. ಕಳುವಾದ ದನದ ಲೆಕ್ಕ, ಹೊಡೆದಾಟದ ಪರಿಹಾರ ಎಲ್ಲವನ್ನೂ ಕೂತು ಮಾತಾಡಿ ತೀರಿಸುತ್ತಿದ್ದರು. ಅದಕ್ಕೆ 'ಮಾರ್ಚ್‌ನ ದಿನ' ಎಂದೇ ಹೆಸರು.

ಇಂಗ್ಲೆಂಡಿನ ರಾಜ ಒಪ್ಪಿಕೊಟ್ಟ ಹಕ್ಕುಗಳ ಸನ್ನದು, 1215ರ ಮಾಗ್ನಾ ಕಾರ್ಟಾದಲ್ಲಿ ಗಡಿಯ ಬಗ್ಗೆ ಒಂದು ಕಲಮು ಇದೆ. ಇಂಗ್ಲಿಷ್ ಜಮೀನಿನ ತಗಾದೆಗೆ ಇಂಗ್ಲೆಂಡಿನ ಕಾನೂನು, ವೆಲ್ಷ್ ಜಮೀನಿಗೆ ವೇಲ್ಸ್‌ನ ಕಾನೂನು, ಮಾರ್ಚ್‌ನ ಜಮೀನಿಗೆ ಮಾರ್ಚ್‌ನ ಕಾನೂನು. ಒಂದೇ ವಾಕ್ಯದಲ್ಲಿ ಮೂರು ಕಾನೂನು! ಎಲ್ಲರನ್ನೂ ಒಂದೇ ಕೋಲಿನಿಂದ ಅಳೆಯದ ಈ ಬುದ್ಧಿ ನನಗೆ ತುಂಬ ಇಷ್ಟ. ಗಡಿ ಸೀಮೆಗಳ ಒಳಗೂ ಹಾಗೇ ಇತ್ತು. ತಗ್ಗಿನ ಹೊಲಗದ್ದೆಗಳಲ್ಲಿ ಇಂಗ್ಲಿಷ್ ಪದ್ಧತಿ, ಮೇಲಿನ ಗುಡ್ಡದ ಊರುಗಳಲ್ಲಿ ವೆಲ್ಷ್ ಪದ್ಧತಿ. ವೆಲ್ಷ್ ಮನೆಗಳಲ್ಲಿ ಅಪ್ಪ ಸತ್ತರೆ ಜಮೀನು ಎಲ್ಲ ಗಂಡುಮಕ್ಕಳಿಗೂ ಸಮಪಾಲು. ಪಾಲು ಮಾಡುವ ರೀತಿ ಕೇಳಿ: ಕಿರಿಯವನು ಭಾಗ ಹಾಕಬೇಕು, ಹಿರಿಯವನು ಮೊದಲು ಆರಿಸಿಕೊಳ್ಳಬೇಕು. ಭಾಗ ಹಾಕುವವನಿಗೆ ಮೋಸ ಮಾಡಲು ದಾರಿಯೇ ಇಲ್ಲ. ಅಪ್ಪ ಬದುಕಿದ್ದ ಮನೆ ಮಾತ್ರ ಕಿರಿಯನಿಗೇ. ಇಂಥ ಪದ್ಧತಿಗಳು ಎಷ್ಟೋ ಸೀಮೆಗಳಲ್ಲಿ ಉಳಿದುಕೊಂಡವು. ರಾಜನ ನಿರೂಪ ಅಲ್ಲಿಗೆ ಬರುತ್ತಿರಲಿಲ್ಲ, ಉಳಿಯಲು ಅದೂ ಒಂದು ಕಾರಣ.

ವಾರಸಿಕೆಯ ವಿಷಯ. ಅಧಿಕಾರ ವಂಶಕ್ಕೆ ಇಳಿದದ್ದೇ ಒಡೆಯರಿಗೆ ಮೂಗುದಾರ ಆಯಿತು ಎನ್ನುತ್ತೇನೆ. ವಾರಸುದಾರ ಇಲ್ಲದೆ ಒಡೆಯ ಸತ್ತರೆ ಸೀಮೆ ರಾಜನಿಗೆ. ಮಗು ಚಿಕ್ಕದಿದ್ದರೆ ಅದು ದೊಡ್ಡದಾಗುವವರೆಗೆ ಸೀಮೆಯೂ ಮಗುವೂ ರಾಜನ ಸುಪರ್ದಿಗೆ. ರಾಜದ್ರೋಹ ಮಾಡಿದರೆ ಎಲ್ಲವೂ ಜಪ್ತಿ. 1102ರಲ್ಲಿ ಶ್ರೂಸ್‌ಬರಿಯ ರಾಬರ್ಟ್ ದಂಗೆಯೆದ್ದು ಇಂಗ್ಲೆಂಡ್ ಮತ್ತು ಗಡಿಯಲ್ಲಿದ್ದ ಎಲ್ಲವನ್ನೂ ಕಳೆದುಕೊಂಡ. ಇನ್ನೊಂದು ವಿಷಯ. ವೆಲ್ಷ್ ಕಾನೂನಿನಲ್ಲಿ ಹೆಣ್ಣಿಗೆ ನೆಲದ ವಾರಸು ಇರಲಿಲ್ಲ. ಒಡೆಯರ ಮನೆಗಳಲ್ಲಿ ಇತ್ತು. ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆಲ್ಲ ಸಮಪಾಲು. ಗಂಡ ಸತ್ತವಳಿಗೆ ಬದುಕಿರುವವರೆಗೆ ಆಸ್ತಿಯ ಮೂರನೇ ಒಂದು ಭಾಗ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ, ಅಲ್ವಾ?

ಕೊನೆಗೆ 1536ರಲ್ಲಿ ಎಂಟನೇ ಹೆನ್ರಿ ಗಡಿ ಸೀಮೆಗಳ ಈ ಅಧಿಕಾರ ತೆಗೆದುಹಾಕಿದ. ಅದರ ಬದಲು ಬಂದದ್ದೇನು? ಇಂಗ್ಲಿಷ್ ಬಾರದವನಿಗೆ ವೇಲ್ಸ್‌ನಲ್ಲಿ ಸರ್ಕಾರಿ ಹುದ್ದೆ ಇಲ್ಲ ಎಂಬ ಕಾನೂನು. ಕೋರ್ಟಿನ ಭಾಷೆಯೂ ಇಂಗ್ಲಿಷೇ. ಕೆಲವೇ ವರ್ಷಗಳಲ್ಲಿ ಅಣ್ಣತಮ್ಮಂದಿರ ಸಮಪಾಲೂ ಹೋಯಿತು. ಒಬ್ಬ ರಾಜ, ಒಂದು ಕಾನೂನು ಎಂದು ಹೊಗಳುವವರು ತನ್ನದೇ ಊರಿನ ಕೋರ್ಟಿನಲ್ಲಿ ತನ್ನದೇ ಮಾತು ಆಡಲಾಗದೆ ನಿಂತ ಆ ವೆಲ್ಷ್ ರೈತನ ಮುಖ ನೋಡಿ ಹೊಗಳಲಿ.

ವಿರೋಧ: ನೇಣುಗಂಬ ಪಾಲಿಗೆ ಬಿದ್ದಾಗ

ಕಿರಿಯವನು ಭಾಗ ಹಾಕಿ ಹಿರಿಯವನು ಆರಿಸುವ ಪದ್ಧತಿ ಚೆಂದ. ನಾನೂ ಒಪ್ಪುತ್ತೇನೆ. ಆದರೆ ಅಲ್ಲಿ ಪಾಲಾಗುತ್ತಿದ್ದದ್ದು ಹೊಲ, ಮನೆ. ಒಡೆಯರ ಮನೆಯಲ್ಲಿ ಪಾಲಾಗುತ್ತಿದ್ದದ್ದು ಜನರಿಗೆ ನ್ಯಾಯ ಹೇಳುವ ಅಧಿಕಾರ. ಒಬ್ಬ ಮನುಷ್ಯನನ್ನು ನೇಣಿಗೆ ಹಾಕುವ ಹಕ್ಕು ಮದುವೆಯ ಬಳುವಳಿಯಾಗಿ ಊರಿಂದೂರಿಗೆ ಹೋಗುತ್ತಿತ್ತು. ನನ್ನ ತಕರಾರು ಇದೊಂದೇ.

ಪೆಂಬ್ರೋಕ್‌ನ ಕಥೆ ನೋಡಿ. ಆ ಸೀಮೆಯ ಹಕ್ಕುದಾರ ರಿಚರ್ಡ್ ಡಿ ಕ್ಲೇರ್, 'ಸ್ಟ್ರಾಂಗ್‌ಬೋ' ಎಂದು ಹೆಸರಾದವನು, 1176ರಲ್ಲಿ ಸತ್ತ. ಅವನ ಮಗಳು ಇಸಬೆಲ್ ಆಗ ಚಿಕ್ಕವಳು, ರಾಜನ ಸುಪರ್ದಿಗೆ ಹೋದಳು. 1189ರಲ್ಲಿ ರಾಜ ಅವಳನ್ನು ವಿಲಿಯಂ ಮಾರ್ಷಲ್ ಎಂಬ ಯೋಧನಿಗೆ ಮದುವೆ ಮಾಡಿಕೊಟ್ಟ. ಅವನು ಮನೆಯ ಕಿರಿಮಗ, ಹೇಳಿಕೊಳ್ಳುವಂಥ ಆಸ್ತಿ ಇರಲಿಲ್ಲ. ವಯಸ್ಸು ನಲವತ್ತು ದಾಟಿತ್ತು. ಅವನ ಸೇವೆಗೆ ಅವಳೇ ಬಹುಮಾನ. ಒಂದೇ ಮದುವೆಯಿಂದ ಚೆಪ್‌ಸ್ಟೋ ಕೋಟೆ, ಐರ್ಲೆಂಡಿನ ದೊಡ್ಡ ಜಮೀನು, ಪೆಂಬ್ರೋಕ್‌ನ ಹಕ್ಕು ಎಲ್ಲವೂ ಅವನದಾಯಿತು. ಹೆಣ್ಣಿಗೆ ವಾರಸು ಇತ್ತು ಎಂದು ಎದುರು ಪಕ್ಷದವರು ಸಂತೋಷಪಟ್ಟರಲ್ಲ, ಆ ವಾರಸು ಹೆಣ್ಣಿನ ಕೈಗೆ ಸಿಕ್ಕಿದ್ದು ಹೀಗೆ.

ಅವರಿಗೆ ಐದು ಗಂಡು, ಐದು ಹೆಣ್ಣು. ಇಷ್ಟು ಗಂಡುಮಕ್ಕಳಿರುವ ಮನೆಗೆ ವಾರಸಿನ ಚಿಂತೆ ಯಾಕೆ ಅನ್ನಿಸುತ್ತದೆ. 1231ರಲ್ಲಿ ಹಿರಿಯ ವಿಲಿಯಂ ಸತ್ತ. 1234ರಲ್ಲಿ ರಿಚರ್ಡ್. 1241ರಲ್ಲಿ ಗಿಲ್ಬರ್ಟ್, ಕುದುರೆ ಕಾಳಗದ ಆಟವೊಂದರಲ್ಲಿ. 1245ರ ಕೊನೆಗೆ ವಾಲ್ಟರ್, ಅವನ ಹಿಂದೆಯೇ ಆನ್ಸೆಲ್ಮ್. ಐವರಲ್ಲಿ ಒಬ್ಬನಿಗೂ ವಾರಸು ಬರುವ ಮಗುವಿಲ್ಲ. ಎಲ್ಲವೂ ಐದು ಹೆಣ್ಣುಮಕ್ಕಳ ಕವಲುಗಳಿಗೆ ಹರಿದುಹೋಯಿತು. ಚೆಪ್‌ಸ್ಟೋ ಹಿರಿಯ ಮಗಳು ಮಾಡ್‌ಗೆ. ಅಸ್ಕ್ ಮತ್ತು ಕೈರ್ಲಿಯನ್ ಇಸಬೆಲಳ ಮಗನಿಗೆ. ಪೆಂಬ್ರೋಕ್ ಜೋನ್‌ಳ ಮಗಳ ಮೂಲಕ ರಾಜನ ಮಲತಮ್ಮನಿಗೆ. ಸಿಬಿಲ್‌ಗೆ ಏಳು ಹೆಣ್ಣುಮಕ್ಕಳು, ಅವಳ ಪಾಲು ಮತ್ತೆ ಏಳು ಭಾಗ. ಪೆಂಬ್ರೋಕ್‌ನ ಬೆಸ್ತನಿಗೋ ಅಸ್ಕ್‌ನ ಒಕ್ಕಲಿಗನಿಗೋ ಇನ್ನು ಮೇಲೆ ತನಗೆ ಶಿಕ್ಷೆ ಕೊಡುವವನು ಯಾರು ಎಂದು ತೀರ್ಮಾನವಾದದ್ದು ದೂರದ ಸಾವುಗಳಿಂದ.

ಇನ್ನು ಉಳಿದವಳು ಈವಾ. ಅವಳ ಗಂಡ ಬ್ರೆಕನ್ ಮತ್ತು ಅಬರ್ಗವೆನಿಯ ಒಡೆಯ ವಿಲಿಯಂ ಡಿ ಬ್ರೋಸ್. ಅವನು ವೇಲ್ಸ್‌ನ ಅರಸ ಲೆವೆಲಿನ್‌ನ ಹೆಂಡತಿಯ ಜೊತೆ ಸಿಕ್ಕಿಬಿದ್ದ. 1230ರ ಮೇ ತಿಂಗಳಲ್ಲಿ ಲೆವೆಲಿನ್ ಅವನನ್ನು ನೇಣಿಗೆ ಹಾಕಿಸಿದ. ಆಮೇಲೆ ನಡೆದದ್ದು ನನ್ನನ್ನು ಬಹಳ ಕಾಡುತ್ತದೆ. ಲೆವೆಲಿನ್ ಆ ವಿಧವೆಗೆ ಕಾಗದ ಬರೆಸಿದ. ನಿನ್ನ ಮಗಳಿಗೂ ನನ್ನ ಮಗನಿಗೂ ಗೊತ್ತಾಗಿದ್ದ ಮದುವೆ ನಡೆಯುತ್ತದೆಯೋ ಇಲ್ಲವೋ ತಿಳಿಸು ಎಂದು ಕೇಳಿದ. ಮದುವೆ ನಡೆಯಿತು. ಯಾಕೆಂದರೆ ಆ ಹುಡುಗಿಯ ಜೊತೆ ಬಿಲ್ತ್ ಸೀಮೆ ಬಳುವಳಿಯಾಗಿ ಬರುವುದಿತ್ತು. ಅಪ್ಪನನ್ನು ಕೊಂದವನ ಮನೆಗೆ ಸೊಸೆಯಾಗಿ ಹೋದ ಆ ಇಸಬೆಲ್ಲಾ ಏನು ಅಂದುಕೊಂಡಳೋ, ಯಾರೂ ಬರೆದಿಡಲಿಲ್ಲ. ಅವಳ ತಂಗಿಯರ ಮದುವೆಗಳಿಂದ ಬ್ರೆಕನ್ ಬೋಹನ್ ಮನೆತನಕ್ಕೆ, ರಾಡ್ನರ್ ಮಾರ್ಟಿಮರ್ ಮನೆತನಕ್ಕೆ ಹೋದವು.

ಪಕ್ಕದವರೊಡನೆ ಬದುಕಬೇಕಾದ್ದರಿಂದ ಒಡೆಯರು ರಾಜಿಗೆ ಬರುತ್ತಿದ್ದರು ಎನ್ನುತ್ತಾರೆ. 1290ರಲ್ಲಿ ಗ್ಲಮೋರ್ಗನ್‌ನ ಗಿಲ್ಬರ್ಟ್ ಡಿ ಕ್ಲೇರ್ ಬ್ರೆಕನ್‌ನ ಗಡಿಯಲ್ಲಿ ಮೋರ್ಲೈಸ್ ಎಂಬ ಕೋಟೆ ಎಬ್ಬಿಸುತ್ತಿದ್ದ. ಬ್ರೆಕನ್‌ನ ಹಂಫ್ರಿ ಬೋಹನ್ ಅದು ತನ್ನ ನೆಲ ಎಂದ. ಎರಡೂ ಕಡೆಯವರು ಒಬ್ಬರ ನೆಲಕ್ಕೆ ಒಬ್ಬರು ನುಗ್ಗಿ ಸುಲಿದರು, ಜನ ಸತ್ತರು, ದನ ಹೊಡೆದುಕೊಂಡು ಹೋದರು. ಒಂದನೇ ಎಡ್ವರ್ಡ್ ವಿಚಾರಣೆಗೆ ಕೂತಾಗ, ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕಾದ ಗಡಿ ಒಡೆಯರು ಅಂಥ ಪದ್ಧತಿ ನಮ್ಮಲ್ಲಿಲ್ಲ ಎಂದುಬಿಟ್ಟರು. ಕೊನೆಗೆ ರಾಜ ಇಬ್ಬರನ್ನೂ ಸೆರೆಗೆ ಹಾಕಿದ, ಸೀಮೆಗಳನ್ನು ಜಪ್ತಿ ಮಾಡಿದ. ಗಿಲ್ಬರ್ಟ್‌ಗೆ 10,000 ಮಾರ್ಕ್ (ಆ ಕಾಲದ ಹಣದ ಲೆಕ್ಕ) ದಂಡ, ಹಂಫ್ರಿಗೆ 1,000. ಆದರೆ ಸ್ವಲ್ಪ ಕಾಲದಲ್ಲೇ ಸೀಮೆಗಳು ವಾಪಸ್ ಸಿಕ್ಕವು. ಗಿಲ್ಬರ್ಟ್ ಆಗಷ್ಟೇ ರಾಜನ ಮಗಳು ಜೋನ್‌ಳನ್ನು ಮದುವೆಯಾಗಿದ್ದ. ಆ ಮದುವೆಗಾಗಿ ತನ್ನ ಆಸ್ತಿಯನ್ನೆಲ್ಲ ರಾಜನಿಗೆ ಒಪ್ಪಿಸಿ, ಜೋನ್‌ಳ ಮಕ್ಕಳಿಗೆ ಇಳಿಯುವಂತೆ ಮತ್ತೆ ಬರೆಸಿಕೊಂಡಿದ್ದ. ಮೊದಲ ಹೆಂಡತಿಯ ಹೆಣ್ಣುಮಕ್ಕಳು ಹಿಂದಕ್ಕೆ ಸರಿದರು.

ಆ ಮದುವೆಯ ಒಬ್ಬನೇ ಮಗ 1314ರಲ್ಲಿ ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಸತ್ತ. ಇನ್ನೂ 23 ವರ್ಷ. ಅವನ ಹೆಂಡತಿ ತಾನು ಬಸುರಿ ಎಂದಳು. ಮಗು ಹುಟ್ಟಿದರೆ ಗ್ಲಮೋರ್ಗನ್ ಅದರದು, ಇಲ್ಲವಾದರೆ ಸತ್ತವನ ಮೂವರು ತಂಗಿಯರಿಗೆ. ಒಂಬತ್ತು ತಿಂಗಳು ಕಳೆಯಿತು. ಒಂದು ವರ್ಷ ಕಳೆಯಿತು. ಎರಡಾಯಿತು. ಆಸ್ಥಾನ ಇನ್ನೂ ಕಾಯುತ್ತಲೇ ಇತ್ತು. ಗಂಡನನ್ನು ಕಳೆದುಕೊಂಡ ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಷ್ಟೂ ದಿನ ಗ್ಲಮೋರ್ಗನ್‌ನ ಜನರನ್ನು ಆಳಿದವರು ರಾಜನ ಅಧಿಕಾರಿಗಳು. ಅವರಲ್ಲಿ ಒಬ್ಬನಾದ ಪೇನ್ ಟರ್ಬರ್‌ವಿಲ್ ಸ್ಥಳೀಯ ವೆಲ್ಷ್ ಮುಖಂಡ ಲೆವೆಲಿನ್ ಬ್ರೆನ್‌ನನ್ನು ಹುದ್ದೆಯಿಂದ ತೆಗೆದ, ಅವಮಾನ ಮಾಡಿದ. 1316ರ ಜನವರಿಯಲ್ಲಿ ಗುಡ್ಡಗಳು ದಂಗೆಯೆದ್ದವು. ಸುತ್ತ ನೀರು ನಿಲ್ಲಿಸಿ ಕಟ್ಟಿದ ಕೈರ್ಫಿಲಿ ಕೋಟೆಗೂ ದಂಗೆಕೋರರು ಮುತ್ತಿಗೆ ಹಾಕಿದರು.

ಲೆವೆಲಿನ್ ಬ್ರೆನ್ ಬರೀ ಕತ್ತಿ ಹಿಡಿದವನಲ್ಲ. ಅವನ ವಸ್ತುಗಳ ಪಟ್ಟಿಯಲ್ಲಿ ವೆಲ್ಷ್ ಪುಸ್ತಕಗಳೂ ಒಂದು ಫ್ರೆಂಚ್ ಕಾವ್ಯವೂ ಇದ್ದವು. ಸೇನೆಗಳು ಸುತ್ತುವರಿದಾಗ, ನನ್ನ ಜನ ಸಾಯುವುದು ಬೇಡ ಎಂದು ತಾನೇ ಬಂದು ಶರಣಾದ. ಅವನನ್ನು ಲಂಡನ್ನಿನ ಟವರ್‌ನಲ್ಲಿಟ್ಟರು. 1317ರಲ್ಲಿ ಕೊನೆಗೂ ಡಿ ಕ್ಲೇರ್ ಮನೆಯ ಆಸ್ತಿ ಪಾಲಾಯಿತು. ಮೂವರಲ್ಲಿ ಹಿರಿಯಳಾದ ಎಲೀನರ್‌ಳ ಪಾಲಿಗೆ ಗ್ಲಮೋರ್ಗನ್ ಬಂತು, ಅಂದರೆ ಅವಳ ಗಂಡ ಹ್ಯೂ ಡೆಸ್ಪೆನ್ಸರ್‌ಗೆ ಬಂತು. ಮರುವರ್ಷ ಹ್ಯೂ ಲೆವೆಲಿನ್‌ನನ್ನು ಟವರ್‌ನಿಂದ ಕಾರ್ಡಿಫ್‌ಗೆ ತರಿಸಿ, ವಿಚಾರಣೆಯೇ ಇಲ್ಲದೆ ನೇಣು ಹಾಕಿಸಿ, ದೇಹವನ್ನು ಕತ್ತರಿಸಿದ. ರಾಜನಿಗೆ ಶರಣಾದವನನ್ನು ಕೊಲ್ಲಲು ಇವನಿಗೆ ಏನು ಹಕ್ಕು ಎಂದು ಬೇರೆ ಒಡೆಯರೇ ಮುಂದೆ ಆರೋಪ ಹೊರಿಸಿದರು. ಹಕ್ಕು ಹೆಂಡತಿಯ ಪಾಲಿನಲ್ಲಿ ಬಂದಿತ್ತು. ಅಷ್ಟಕ್ಕೂ ಅವನಿಗೆ ಸಾಕಾಗಲಿಲ್ಲ. ನಾದಿನಿ ಎಲಿಜಬೆತ್‌ಳ ಪಾಲಿಗೆ ಬಂದ ಅಸ್ಕ್ ಸೀಮೆಯನ್ನು ಬಲವಂತದಿಂದ ಬರೆಸಿಕೊಂಡು ಬದಲಿಗೆ ಗವರ್ ಕೊಟ್ಟ. ಆಮೇಲೆ ಗವರನ್ನೂ ಕಿತ್ತುಕೊಂಡ. 1326ರಲ್ಲಿ ಅವನೂ ನೇಣುಗಂಬ ಏರಿದ ಮೇಲೆಯೇ ಅಸ್ಕ್ ಅವಳಿಗೆ ಮರಳಿತು.

ದಿನನಿತ್ಯದ ನ್ಯಾಯ ಹೇಗಿತ್ತು? 'ಅರ್ದೆಲ್' ಎಂಬ ವಹಿವಾಟು ನಡೆಯುತ್ತಿತ್ತು. ಒಂದು ಸೀಮೆಯಲ್ಲಿ ಕಳ್ಳತನ, ಕೊಲೆ ಮಾಡಿದವನು ಪಕ್ಕದ ಸೀಮೆಗೆ ಓಡಿಹೋಗಿ ಅಲ್ಲಿನ ಒಡೆಯನಿಗೆ ದುಡ್ಡು ಕಟ್ಟಿದರೆ, ಇವನು ನನ್ನವನು ಎಂದು ಒಡೆಯ ರಕ್ಷಣೆ ಕೊಡುತ್ತಿದ್ದ. ಹದಿನೈದನೇ ಶತಮಾನದ ಹೊತ್ತಿಗೆ ಇನ್ನೊಂದು ಪದ್ಧತಿ ಬಂತು. ಒಡೆಯನ ದೊಡ್ಡ ಕೋರ್ಟು ಕೂರುವ ದಿನ ಸೀಮೆಯವರೆಲ್ಲ ಸೇರಿ ಒಂದು ಮೊತ್ತ ಒಪ್ಪಿಕೊಂಡರೆ ಕೋರ್ಟನ್ನೇ ಎತ್ತಿಬಿಡುತ್ತಿದ್ದರು. ಕೊಲೆಯಾದವನ ಮನೆಯವರೂ ಆ ಮೊತ್ತಕ್ಕೆ ಪಾಲು ಕೊಡಬೇಕಿತ್ತು.

ಭಾಷೆಯ ಮೇಲೆ 1536ರ ಕಾನೂನು ಮಾಡಿದ್ದು ಅನ್ಯಾಯವೇ. ಅದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ಆದರೆ ಒಡೆಯನನ್ನು ಬದಲಿಸಿದರೆ ಸಾಕು, ಸೀಮೆ ಇರಲಿ ಎನ್ನುವವರಿಗೆ ಮತ್ತೆ ಅಸ್ಕ್‌ನ ಕಡೆಗೇ ಬೆರಳು ತೋರಿಸುತ್ತೇನೆ. ಎಲಿಜಬೆತ್‌ಳ ಆಸ್ತಿ ಹೆಣ್ಣುಮಕ್ಕಳ ಮೂಲಕವೇ ಇಳಿಯುತ್ತಾ ಮಾರ್ಟಿಮರ್ ಮನೆಗೆ ಬಂತು. 1425ರಲ್ಲಿ ಆ ಮನೆಯ ಕೊನೆಯ ಎಡ್ಮಂಡ್ ಐರ್ಲೆಂಡಿನಲ್ಲಿ ಪ್ಲೇಗ್ ಬಂದು ಮಕ್ಕಳಿಲ್ಲದೆ ಸತ್ತ. ಎಲ್ಲವೂ ಅವನ ಅಕ್ಕನ ಮಗ, 13 ವರ್ಷದ ಯಾರ್ಕ್‌ನ ರಿಚರ್ಡ್‌ಗೆ. ರಿಚರ್ಡ್‌ನ ಮಗ 1461ರಲ್ಲಿ ನಾಲ್ಕನೇ ಎಡ್ವರ್ಡ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಪಟ್ಟವೇರಿದ. ಈಗ ಅಸ್ಕ್‌ನ ಒಡೆಯನೂ ದೇಶದ ರಾಜನೂ ಒಬ್ಬನೇ. ಆದರೂ ಅವನ ನಿರೂಪ ರಾಜನ ಹೆಸರಿನಲ್ಲಿ ಅಸ್ಕ್‌ಗೆ ಹೋಗುವಂತಿರಲಿಲ್ಲ, ಒಡೆಯನ ಹೆಸರಿನಲ್ಲೇ ಹೋಗಬೇಕಿತ್ತು. ಅಲ್ಲಿ ದನ ಕದ್ದವನು ಮುಂದಿನ 75 ವರ್ಷವೂ ರಾತ್ರೋರಾತ್ರಿ ಹೊಳೆ ದಾಟಿ ಪಕ್ಕದ ಸೀಮೆ ಸೇರಿಕೊಳ್ಳುತ್ತಿದ್ದ.