ಮೂವತ್ತರಲ್ಲಿ ಮತ್ತೆ ತೊಟ್ಟಿಲು

ಹುಟ್ಟಿದ ಮಗುವಿಗೆ ಹೆಸರಿಡುವುದು ಲೋಕರೂಢಿ. ಮೂವತ್ತರ ಹತ್ತಿರ ಬಂದವರನ್ನು ಮತ್ತೆ ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರವನ್ನು ಕಂಡುಹಿಡಿದವರು ಕಂಪ್ಯೂಟರ್ ಕಂಪನಿಯವರು.

ಎಚ್‌ಪಿಯನ್ನೇ ನೋಡಿ. ಅವರ ಕಂಪ್ಯೂಟರುಗಳ ಹೆಸರು 1995ರಲ್ಲಿ ಹುಟ್ಟಿದ ಪೆವಿಲಿಯನ್, ಆಮೇಲೆ ಎನ್ವಿ, ಸ್ಪೆಕ್ಟರ್. ಕನ್ನಡದಲ್ಲಿ ಹೇಳುವುದಾದರೆ ಮಂಟಪ, ಹೊಟ್ಟೆಕಿಚ್ಚು, ಪ್ರೇತ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಕ್ಕಟ್ಟಿದ ನಾವೇ ಪ್ರೇತವನ್ನು ಕಂತಿನ ಮೇಲೆ ಮನೆಗೆ ತಂದು, ಆಯುಧಪೂಜೆಗೆ ಕುಂಕುಮವನ್ನೂ ಹಚ್ಚಿದೆವು. 2024ರಲ್ಲಿ ಕಂಪನಿಗೆ ಕೃತಕ ಬುದ್ಧಿಮತ್ತೆ ಮೈಮೇಲೆ ಬಂತು. ಹೊಸ ಯುಗಕ್ಕೆ ಹೊಸ ಹೆಸರು ಬೇಕೆಂದು, ಈ ಮೂರರ ಬದಲಿಗೆ ಅಟ್ಟವನ್ನೆಲ್ಲ ತಡಕಾಡಿ ತಂದದ್ದು ‘ಓಮ್ನಿಬುಕ್’. ಅದು 1993ರ ತನ್ನದೇ ಲ್ಯಾಪ್‌ಟಾಪಿನ ಹೆಸರು. ಮೊಮ್ಮಗನಿಗೆ ತಾತನ ಹೆಸರು, ಅಷ್ಟರಮಟ್ಟಿಗೆ ಸಂಪ್ರದಾಯಸ್ಥರು.

ಡೆಲ್‌ನವರದು ಸಾಮೂಹಿಕ ಕಾರ್ಯ. 2025ರ ಜನವರಿಯಲ್ಲಿ, ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದ ಹೊತ್ತಿಗೆ, ಇನ್‌ಸ್ಪಿರಾನ್, ಎಕ್ಸ್‌ಪಿಎಸ್, ಲ್ಯಾಟಿಟ್ಯೂಡ್ ಮೂವರಿಗೂ ಒಟ್ಟಿಗೇ ಎಳ್ಳುನೀರು ಬಿಟ್ಟರು. ಉಳಿದದ್ದು ಡೆಲ್, ಡೆಲ್ ಪ್ರೊ, ಡೆಲ್ ಪ್ರೊ ಮ್ಯಾಕ್ಸ್. ಒಂದೊಂದರಲ್ಲೂ ಸಾದಾ, ಪ್ಲಸ್, ಪ್ರೀಮಿಯಂ. ಗ್ರಾಹಕರಿಗೆ ಸುಲಭವಾಗಲಿ ಎಂದೇ ಇಷ್ಟೆಲ್ಲ. ಆ ಸುಲಭದ ಹೊಟ್ಟೆಯಲ್ಲಿ ‘ಡೆಲ್ ಪ್ರೊ ಮ್ಯಾಕ್ಸ್ 16 ಪ್ಲಸ್’ ಹುಟ್ಟಿತು. ಮ್ಯಾಕ್ಸ್ ಎಂದರೆ ಇನ್ನು ಸಾಕು ಎಂದು ಕೈ ಅಡ್ಡ ಹಿಡಿದಂತೆ. ಅದರ ಮೇಲೆ ಪ್ಲಸ್ ಎಂದರೆ, ಸಾಕೆಂದರೂ ಬಿಡದೆ ಇನ್ನೊಂದು ಹೋಳಿಗೆ ಬಡಿಸಿದಂತೆ. ಸಾದಾ ಪ್ರೊ ಹಿರಿಯನೋ, ಪ್ರೊ ಅಲ್ಲದ ಪ್ರೀಮಿಯಂ ಹಿರಿಯನೋ? ಪಂಕ್ತಿಯಲ್ಲಿ ಮೊದಲ ಎಲೆ ಯಾರಿಗೆ ಹಾಕುವುದು?

ಒಂದೇ ವರ್ಷ. 2026ರ ಜನವರಿಯಲ್ಲಿ ಎಕ್ಸ್‌ಪಿಎಸ್ ಎದ್ದು ಕುಳಿತ. ದುಬಾರಿ ಜೀವ, ವರ್ಷಾಬ್ದಿಕದ ಹೊತ್ತಿಗೆ ಪುನರ್ಜನ್ಮ ಸಿಕ್ಕಿತು. ಮಕ್ಕಳ ಶಾಲೆಯ ಪ್ರಾಜೆಕ್ಟು, ಅಪ್ಪನ ತೆರಿಗೆ ಲೆಕ್ಕ, ಅಜ್ಜಿಯ ಅಮೆರಿಕದ ವಿಡಿಯೊ ಕರೆ ಇವನ್ನೆಲ್ಲ ಹೊತ್ತ ಇನ್‌ಸ್ಪಿರಾನ್‌ಗೆ ಆ ಯೋಗವಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೋ ಕಂಪ್ಯೂಟರ್ ಅಂಗಡಿಯನ್ನು ಊಹಿಸಿಕೊಳ್ಳಿ. ಹಿರಿಯರೊಬ್ಬರು ಇನ್‌ಸ್ಪಿರಾನ್ ಕೇಳುತ್ತಾರೆ.

“ಆ ಹೆಸರು ಈಗ ಇಲ್ಲ ಸಾರ್. ಇದು ಡೆಲ್.”

“ಡೆಲ್ ಎಂದು ಗೊತ್ತಪ್ಪ. ಯಾವ ಡೆಲ್?”

“ಬರೀ ಡೆಲ್.”

“ಹೆಸರಿಲ್ಲದ್ದು ಬೇಡ. ಹೆಸರಿರುವುದನ್ನು ತೋರಿಸು.”

ಹುಡುಗ ಒಳಗೆ ಹೋಗಿ, ಮಾರ್ಕರ್ ಪೆನ್ನಿನಲ್ಲಿ ಪೆಟ್ಟಿಗೆಯ ಮೇಲೆ ‘ಇನ್‌ಸ್ಪಿರಾನ್’ ಎಂದು ಬರೆದು ತರುತ್ತಾನೆ. ಹಿರಿಯರು ಕನ್ನಡಕ ಏರಿಸಿ ಓದುತ್ತಾರೆ.

“ಇದನ್ನು ಮೊದಲೇ ತರಬಾರದಿತ್ತೇ?”